ಬೀಸುಕಲ್ಲಿಲ್ಲದ ಮಕ್ಕಳ ಹಾಡು

ಕಳೆದ ವರ್ಷ ಆಷಾಢದ ಒಂದು ಸಂಜೆ. ಹೊರಗೆ ಜಿಟಿಜಿಟಿ ಮಳೆ. ಒಲೆಯ ಮೇಲೆ ಸಾರು ಕುದೀತಾ ಇತ್ತು, ನಾನು ಒಗ್ಗರಣೆಗೆ ಸಾಸಿವೆ ಡಬ್ಬಿ ಹುಡುಕ್ತಾ ಇದ್ದೆ. ಆರನೇ ತರಗತಿಯಲ್ಲಿ ಓದುವ ನನ್ನ ಮಗಳು ಶಾಲೆಯ ಚೀಲವನ್ನು ಮೂಲೆಗೆಸೆದು, ಒದ್ದೆ ಜಡೆ ಬಿಚ್ಚಿಕೊಳ್ಳುತ್ತಾ ಏನೋ ಗುನುಗುತ್ತಿದ್ದಳು. ಕುಂಟೆಬಿಲ್ಲೆ ಆಡುವಾಗ ಹೇಳುವ ಪದದ ಹಾಗೆ ಒಳ್ಳೆಯ ತಾಳ. ನನಗೂ ತಲೆದೂಗುವ ಹಾಗಾಯಿತು. ಎರಡನೇ ಸಲ ಕಿವಿಗೊಟ್ಟಾಗ ಮಾತ್ರ ಕೈಯಲ್ಲಿದ್ದ ಸೌಟು ಕೈಯಲ್ಲೇ ನಿಂತಿತು.

"ಮಂದಿರದ ಮಕ್ಕಳು, ಮೂರು ಹೊತ್ತು ಉಪ್ಪಿಟ್ಟು, ಅಪ್ಪ ಎಲ್ಲಿ? ಅಮ್ಮ ಎಲ್ಲಿ?..." ಮುಂದಿನದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

"ಯಾರೇ ಹೇಳಿಕೊಟ್ಟಿದ್ದು ಇದನ್ನ?" ಅಂದೆ.

"ಯಾರೂ ಇಲ್ಲಮ್ಮ, ಎಲ್ಲರೂ ಹೇಳ್ತಾರೆ. ತಮಾಷೆಗೆ!"

ಅವಳ ತರಗತಿಯಲ್ಲಿ ನಮ್ಮೂರಿನ ಬಾಲಕಿಯರ ಬಾಲಮಂದಿರದಿಂದ ಬರುವ ನಾಲ್ಕು ಹುಡುಗಿಯರಿದ್ದಾರೆ. ಒಂದೇ ಥರ ಕತ್ತರಿಸಿದ ಕೂದಲು, ಒಂದೇ ಥರದ ಚಪ್ಪಲಿ. ಸಾಲಾಗಿ ಬರ್ತಾರೆ, ಸಾಲಾಗಿ ಹೋಗ್ತಾರೆ. ಪಾಪ, ಅಷ್ಟು ಸಾಕಲ್ಲ ಗುರುತು ಹಿಡಿದು ಹಂಗಿಸೋಕೆ! ನಾನು ಮಗಳನ್ನು ಬೈದೆ, ಎರಡು ಏಟೂ ಕೊಟ್ಟೆ ಅನ್ನಿ. ಆದರೆ ಬೈದ ಮೇಲೆ ನನಗೇ ಒಂದು ನಾಚಿಕೆ ಶುರುವಾಯಿತು. ಪ್ರತಿ ಸಂಕ್ರಾಂತಿಗೂ ನಮ್ಮ ಮಹಿಳಾ ಸಮಾಜದವರು ಅದೇ ಬಾಲಮಂದಿರಕ್ಕೆ ಎಳ್ಳುಬೆಲ್ಲ, ನೋಟ್ ಪುಸ್ತಕ ತೆಗೆದುಕೊಂಡು ಹೋಗುವವರೇ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದು ಸ್ವಾಗತಗೀತೆ ಹಾಡಿಸಿ, ಫೋಟೋ ತೆಗೆಸಿಕೊಂಡು ಬರುತ್ತೇವೆ. ಆ ಮಕ್ಕಳಲ್ಲಿ ಒಬ್ಬಳ ಹೆಸರೂ ನನಗೆ ಗೊತ್ತಿರಲಿಲ್ಲ. "ಮಂದಿರದ ಮಕ್ಕಳು" ಅನ್ನೋ ಮಾತು ನನ್ನ ಮಗಳಿಗೆ ಶಾಲೆಯಲ್ಲೇ ಸಿಕ್ಕಿತೋ, ನಮ್ಮ ಮನೆಯ ಹಜಾರದಲ್ಲೇ ಸಿಕ್ಕಿತೋ ಯಾರು ಬಲ್ಲರು?

ಇಲ್ಲೊಂದು ಮಾತು ಹೇಳಬೇಕು. ಬಾಲಮಂದಿರದಲ್ಲಿ ಇರುವವರೆಲ್ಲ ಅನಾಥರು ಅಂತ ನಾವು ತಿಳಿದಿದ್ದೇವೆ. ಅದು ಸರಿಯಲ್ಲ. ಅಪ್ಪ ತೀರಿಹೋಗಿ ಕೂಲಿಗೆ ಹೋಗುವ ಅಮ್ಮ ಇರುವ ಮಗು, ಮನೆಯಲ್ಲಿ ಕುಡಿತ ಹೊಡೆತ ತಾಳಲಾರದೆ ಬಂದ ಮಗು, ದುಡಿಮೆಯಿಂದಲೋ ಬಾಲ್ಯವಿವಾಹದಿಂದಲೋ ಬಿಡಿಸಿ ತಂದ ಮಗು, ಹೀಗೆ ಎಲ್ಲರೂ ಅಲ್ಲಿರುತ್ತಾರೆ. ಆರು ವರ್ಷದೊಳಗಿನವರು ಶಿಶುಮಂದಿರದಲ್ಲಿ, ಅಲ್ಲಿಂದ ಹದಿನೆಂಟರವರೆಗೆ ಬಾಲಮಂದಿರದಲ್ಲಿ. ಯಾವ ಮಗುವನ್ನೂ ಅಲ್ಲಿಗೆ ಯಾರೋ ಬಿಸಾಕಿ ಹೋಗಿದ್ದಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ವಿಚಾರಿಸಿ, ಇದು ರಕ್ಷಣೆ ಬೇಕಾದ ಮಗು ಎಂದು ತೀರ್ಮಾನಿಸಿ ಕಳಿಸುತ್ತದೆ. ಅಂಥ ಮಗು ಶಾಲೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ "ನಿನಗೆ ಅಪ್ಪ ಅಮ್ಮ ಇಲ್ವಾ?" ಅಂದರೆ ಏನು ಉತ್ತರ ಹೇಳೀತು? ಇದ್ದಾರೆ ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ.

ಟೀಚರಮ್ಮನ ಶನಿವಾರಗಳು

ನಮ್ಮ ಸಮಾಜದಲ್ಲಿ ಒಬ್ಬರು ನಿವೃತ್ತ ಸಂಗೀತ ಟೀಚರ್ ಇದ್ದಾರೆ. ಇಲಾಖೆಯಿಂದ ಅನುಮತಿ ಪಡೆದು ಆಗ್ಗೆ ಒಂದೆರಡು ತಿಂಗಳಿಂದ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ನಾನೂ ಬರ್ತೀನಿ ಅಂದೆ. "ಬಾ, ಆದರೆ ಬರಿಗೈಲಿ ಬಾ, ತಿಂಡಿಗಿಂಡಿ ತರಬೇಡ" ಅಂದರು. ಕಾರಣ ಆಮೇಲೆ ತಿಳಿಯಿತು. ತಿಂಡಿ ತಂದವರ ಮುಂದೆ ಮಕ್ಕಳು ಥ್ಯಾಂಕ್ಸ್ ಹೇಳುವ ಮುಖ ಹಾಕಿಕೊಳ್ಳುತ್ತಾರೆ. ಆ ಮುಖ ಬಿದ್ದರೆ ಬಾಯಿಂದ ನಿಜವಾದ ಹಾಡು ಹೊರಡದು.

ಮೊದಮೊದಲು ಅವರೂ ದೇವರನಾಮ ಹೇಳಿಕೊಟ್ಟರಂತೆ. ಮಕ್ಕಳು ಒಪ್ಪಿಸಿದ ಹಾಗೆ ಹೇಳಿ ಸುಮ್ಮನಾಗುತ್ತಿದ್ದರಂತೆ. ನಾನು ಹೋದ ದಿನ ಟೀಚರಮ್ಮ, "ನಾನು ಹೇಳಿಕೊಡಲ್ಲ ಇವತ್ತು. ನಿಮಗೆ ಬರೋದನ್ನ ಹೇಳಿ" ಎಂದು ಗೋಡೆಗೆ ಒರಗಿ ಕೂತುಬಿಟ್ಟರು. ಸ್ವಲ್ಪ ಹೊತ್ತು ಪಿಸಪಿಸ, ಕಿಸಕಿಸ. ಆಮೇಲೆ ಹಿಂದಿನ ಸಾಲಿನಿಂದ ಒಂದು ಹುಡುಗಿ ತೊಡೆ ತಟ್ಟುತ್ತಾ ಶುರು ಮಾಡಿದಳು. ನನ್ನ ಎದೆ ಧಸಕ್ಕೆಂದಿತು. ನನ್ನ ಮಗಳು ಗುನುಗಿದ್ದ ಅದೇ ಧಾಟಿ, ಅದೇ ತಾಳ! ಆದರೆ ಮಾತು ಬೇರೆ:

"ಮಂದಿರದ ಮಕ್ಕಳು ನಾವು
ಮೂವತ್ತು ಜನ ಅಕ್ಕತಂಗಿ
ನಿಮ್ಮನೇಲಿ ಎಷ್ಟು ಜನ?
ಎಣಿಸಿ ಹೇಳಿ ನೋಡೋಣ."

ಹೊಡೆದ ಕಲ್ಲನ್ನೇ ಎತ್ತಿ ಮನೆಗೆ ಮೆಟ್ಟಿಲು ಮಾಡಿಕೊಂಡ ಹಾಗೆ! ಟೀಚರಮ್ಮ ಎದ್ದು ಕೂತರು. "ಮುಂದಕ್ಕೇನು?" ಅಂದರು. ಮುಂದಕ್ಕೆ ಇರಲಿಲ್ಲ. ಅವತ್ತು ಸಂಜೆಯೊಳಗೆ ಎಲ್ಲರೂ ಸೇರಿ ಎರಡನೇ ನುಡಿ ಕಟ್ಟಿದರು:

"ಬೆಂಚಿನ ಮೇಲೆ ಬ್ಯಾಗು ಇಟ್ಟು
ಜಾಗ ಇಲ್ಲ ಅಂತೀರಿ
ನಿಮ್ಮ ಬ್ಯಾಗಿಗೆ ಜಾಗ ಉಂಟು
ನಮ್ಮ ಹೆಸರು ಕೇಳ್ತೀರಾ?"

ಹಾಡು ಕಟ್ಟಿಸುವುದಕ್ಕೆ ಟೀಚರಮ್ಮ ಇಟ್ಟುಕೊಂಡಿದ್ದ ನಿಯಮಗಳು ಕೆಲವೇ. ಧಾಟಿಯನ್ನು ಹೊಸದಾಗಿ ಹುಡುಕಬೇಡಿ, ಕೋಲಾಟದ್ದೋ ಸೋಬಾನೆಯದ್ದೋ ಗೊತ್ತಿರೋದನ್ನೇ ತೆಗೆದುಕೊಳ್ಳಿ. ತಾಳ ಸಿಕ್ಕರೆ ಮಾತು ತಾನಾಗಿ ಬರುತ್ತೆ. ಹಾಡಿನಲ್ಲಿ ಯಾರ ಹೆಸರೂ ಬರಬಾರದು, ಬೈದವರದೂ ಬೇಡ, ಬೈಸಿಕೊಂಡವರದೂ ಬೇಡ. "ನಾನು" ಅನ್ನೋಕೆ ಕಷ್ಟವಾದರೆ "ನಾವು" ಅನ್ನಿ, ಅದೂ ಆಗದಿದ್ದರೆ ಚಪ್ಪಲಿ ಮಾತಾಡಲಿ, ಬುತ್ತಿ ಡಬ್ಬಿ ಮಾತಾಡಲಿ. ಪಲ್ಲವಿ ಮಾತ್ರ ಎಲ್ಲರೂ ಸೇರಿ ಹೇಳಬೇಕು. ಇದು ಬಹಳ ಮುಖ್ಯ ಅಂತ ನನಗೆ ನೋಡನೋಡುತ್ತಾ ಗೊತ್ತಾಯಿತು. ಒಂದು ಮಗು ಗಂಟಲು ಕಟ್ಟಿ ನುಡಿಯ ಮಧ್ಯೆ ನಿಂತುಬಿಟ್ಟರೆ, ಉಳಿದವರು ಪಲ್ಲವಿ ಎತ್ತಿಕೊಂಡುಬಿಡುತ್ತಿದ್ದರು. ಅತ್ತ ಮಗುವನ್ನು ಎಲ್ಲರೂ ದಿಟ್ಟಿಸಿ ನೋಡುವ ಸಂಕಟವೇ ಇಲ್ಲ.

ಹಂಗಿಸುವುದು ಶಾಲೆಯಲ್ಲಿ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಮೂರನೇ ಶನಿವಾರ ಒಂದು ಚಿಕ್ಕ ಹುಡುಗಿ, ಎಂಟು ವರ್ಷದವಳಿರಬೇಕು, ತನ್ನ ಸೋಪಿನ ಬಗ್ಗೆ ಹಾಡಿದಳು. ಹೊಸ ಸೋಪು ಸೋಮವಾರ ಬಂತು, ಬುಧವಾರ ಕರಗಿತು, ನಾನು ಮುಖ ತೊಳೆದಿದ್ದು ಒಂದೇ ಸಲ, ಅಂತ. ಎಲ್ಲರೂ ನಕ್ಕರು. ದೊಡ್ಡ ಹುಡುಗಿಯರಲ್ಲಿ ಇಬ್ಬರು ಮಾತ್ರ ನಗಲಿಲ್ಲ. ಕಿಟಕಿ ಪಕ್ಕದ ಮಂಚ ಯಾರಿಗೆ, ಬಚ್ಚಲಿಗೆ ಮೊದಲು ಯಾರು, ಯಾರ ಬಟ್ಟೆ ಯಾರು ಒಗೆಯಬೇಕು, ಇವೆಲ್ಲ ಅಲ್ಲಿ ದೊಡ್ಡ ವಿಷಯ. ಹೊರಗೆ ಹಂಗಿಸಿಕೊಂಡು ಬಂದ ದೊಡ್ಡವಳು ಒಳಗೆ ಚಿಕ್ಕವಳ ಮೇಲೆ ತೀರಿಸಿಕೊಳ್ಳುತ್ತಾಳೆ. ಅತ್ತೆಯಿಂದ ನೊಂದ ಸೊಸೆ ತಾನೇ ಅತ್ತೆಯಾದಾಗ ಮಾಡುವುದೂ ಇದನ್ನೇ ಅಲ್ಲವೇ? ಟೀಚರಮ್ಮ ಏನೂ ವಿಚಾರಣೆ ಮಾಡಲಿಲ್ಲ. ಮುಂದಿನ ವಾರ ಆ ಚಿಕ್ಕವಳ ಸೋಪಿನ ಡಬ್ಬಿಯ ಮುಚ್ಚಳದ ಮೇಲೆ ಯಾರೋ ಬಣ್ಣದ ಪೆನ್ನಿನಲ್ಲಿ ಅವಳ ಹೆಸರು ಬರೆದುಕೊಟ್ಟಿದ್ದರು.

ನಮ್ಮ ಅಜ್ಜಿಯರು ಮಾಡಿದ್ದೂ ಇದೇ

ಆ ದಿನ ಮನೆಗೆ ಬರುವಾಗ ನನಗೆ ನೆನಪಾದದ್ದು ನಮ್ಮಜ್ಜಿಯ ಬೀಸುಕಲ್ಲು. ನಿಮ್ಮಲ್ಲಿ ನನ್ನ ವಯಸ್ಸಿನವರು ಅದನ್ನು ನೋಡಿರುತ್ತೀರಿ. ಬೆಳಗಿನ ಜಾವ ನಾಲ್ಕಕ್ಕೆದ್ದು ರಾಗಿಯೋ ಜೋಳವೋ ಬೀಸುವಾಗ, ಅತ್ತೆಯ ಕಾಟ, ನಾದಿನಿಯ ಕೊಂಕು, ತವರಿನಿಂದ ಕರೆಯಲು ಬಾರದ ಅಣ್ಣ, ಎಲ್ಲವೂ ಮೂರು ಸಾಲಿನ ತ್ರಿಪದಿಯಾಗಿ ಬರುತ್ತಿದ್ದವು. ಅತ್ತೆಯ ಎದುರು ಒಂದು ಮಾತು ಎತ್ತುವ ಹಾಗಿಲ್ಲ. ಹಾಡಿದರೆ ಅಡ್ಡಿಯಿಲ್ಲ! ಕೇಳಿಸಿಕೊಂಡರೂ ಅತ್ತೆ ಸುಮ್ಮನಿರಬೇಕು, ಯಾಕೆಂದರೆ ಅದು ಕಲ್ಲಿಗೆ ಹೇಳಿದ್ದು, ಅವಳಿಗಲ್ಲ. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಇಂಥ ಪದಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಂತ ಅಚ್ಚು ಹಾಕಿಸಿದಾಗಲೇ ಓದುಬರಹದವರಿಗೆ ತಿಳಿದದ್ದು, ಅಡುಗೆಮನೆಯಲ್ಲಿ ಎಂಥ ಕವಿಗಳಿದ್ದಾರೆ ಅಂತ. ನಾವು ಆ ಸಾಲುಗಳ ಸೊಗಸನ್ನು ಹೊಗಳುತ್ತೇವೆ. ಅವುಗಳಲ್ಲಿ ಎಷ್ಟೋ ದೂರುಗಳು ಎನ್ನುವುದನ್ನು ಮರೆಯುತ್ತೇವೆ.

ಮಿಕ್ಸಿ ಬಂದ ಮೇಲೆ ನಮಗೇ ಬೀಸುಕಲ್ಲಿಲ್ಲ. ಇನ್ನು ಈ ಮಕ್ಕಳಿಗೆ ಎಲ್ಲಿಂದ?

ಕಡಲಾಚೆಯ ಒಂದು ಕಥೆ

ಟೀಚರಮ್ಮ ಒಂದು ದಿನ ಮಕ್ಕಳಿಗೆ ಹೇಳಿದ ಕಥೆಯನ್ನು ನಿಮಗೂ ಹೇಳಿಬಿಡುತ್ತೇನೆ. ಇದು ಕಟ್ಟುಕಥೆಯಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಆರ್ಚಿ ರೋಚ್ ಅಂತ ಒಬ್ಬ ಗಾಯಕನಿದ್ದ. ಹುಟ್ಟಿದ್ದು 1956ರಲ್ಲಿ, ವಿಕ್ಟೋರಿಯಾ ಪ್ರಾಂತ್ಯದಲ್ಲಿ. ಆ ದೇಶದ ಸರ್ಕಾರಗಳು ಆಗ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯರಿಂದ ಕಿತ್ತುಕೊಂಡು ಅನಾಥಾಲಯಗಳಿಗೂ ಬಿಳಿಯರ ಮನೆಗಳಿಗೂ ಕೊಡುತ್ತಿದ್ದವು. ಮಕ್ಕಳ ಒಳ್ಳೆಯದಕ್ಕೇ ಅಂತ ಹೆಸರು! 1997ರ ಸರ್ಕಾರಿ ವಿಚಾರಣೆಯ ವರದಿ ಹೇಳಿದಂತೆ, 1910ರಿಂದ 1970ರವರೆಗೆ ಕಡಿಮೆ ಎಂದರೂ ಹತ್ತರಲ್ಲಿ ಒಂದು ಮಗುವನ್ನು, ಕೆಲವು ಕಡೆ ಮೂರರಲ್ಲಿ ಒಂದನ್ನು, ಹೀಗೆ ಎತ್ತಿಕೊಂಡು ಹೋಗಿದ್ದರು. ಆರ್ಚಿಯನ್ನೂ ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸಿನಲ್ಲಿ ಅಕ್ಕಂದಿರ ಜೊತೆ ಒಯ್ದರು. ಒಂದೆರಡು ಮನೆ ಕಂಡು ಕೊನೆಗೆ ಮೆಲ್ಬರ್ನ್‌ನಲ್ಲಿ ಒಂದು ಒಳ್ಳೆಯ ದಂಪತಿಗಳ ಮನೆ ಸೇರಿದ. ಅವರು ಅವನನ್ನು ಪ್ರೀತಿಯಿಂದ ಸಾಕಿದರು. ಹಾಡಿನ ರುಚಿ ಹತ್ತಿದ್ದೂ ಅದೇ ಮನೆಯಲ್ಲಿ. ಹುಡುಗನ ಮನೆಯವರೆಲ್ಲ ಬೆಂಕಿಯಲ್ಲಿ ತೀರಿಹೋದರು ಅಂತ ಆ ಸಾಕುತಂದೆತಾಯಿಗೆ ಸುಳ್ಳು ಹೇಳಲಾಗಿತ್ತು. ಅವರು ಅದನ್ನೇ ನಂಬಿದ್ದರು.

ಹದಿನೈದರ ಆಸುಪಾಸಿನಲ್ಲಿ ಶಾಲೆಗೆ ಅವನ ಹೆಸರಿಗೊಂದು ಕಾಗದ ಬಂತು. ಬರೆದವಳು ಒಡಹುಟ್ಟಿದ ಅಕ್ಕ. ನಮ್ಮಮ್ಮ ತೀರಿಕೊಂಡಳು ಅನ್ನುವುದು ಸಮಾಚಾರ. ತನಗೊಬ್ಬ ಅಮ್ಮ ಇದ್ದಾಳೆ ಅನ್ನುವುದೂ, ಅವಳು ಈಗ ಇಲ್ಲ ಅನ್ನುವುದೂ ಒಂದೇ ಕಾಗದದಲ್ಲಿ! ಹುಡುಗ ಗಿಟಾರ್ ಹೆಗಲಿಗೆ ಹಾಕಿಕೊಂಡು ಮನೆ ಬಿಟ್ಟ. ಬೀದಿ, ಕುಡಿತ, ಜೈಲು, ಯಾವುದೂ ಬಾಕಿ ಇರಲಿಲ್ಲ. ಅಡಿಲೇಡ್ ಊರಿನಲ್ಲಿ ಮನೆಯಿಲ್ಲದವರ ತಂಗುದಾಣವೊಂದರಲ್ಲಿ ರೂಬಿ ಹಂಟರ್ ಸಿಕ್ಕಳು. ಅವಳೂ ಎಂಟು ವರ್ಷಕ್ಕೇ ಮನೆಯವರಿಂದ ಕಿತ್ತುಕೊಂಡು ಹೋದ ಮಗುವೇ. ಇಬ್ಬರೂ ಸಂಸಾರ ಹೂಡಿದರು. ಇಬ್ಬರೂ ಹಾಡು ಕಟ್ಟಿದರು.

'ಅವರು ಮಕ್ಕಳನ್ನು ಒಯ್ದರು' ಅನ್ನುವ ಅರ್ಥದ ಅವನ ಹಾಡಿನ ವಿಷಯವೇ ಇದು. ಒಮ್ಮೆ ಮೆಲ್ಬರ್ನ್‌ನ ದೊಡ್ಡ ಸಭಾಂಗಣವೊಂದರಲ್ಲಿ, ಪಾಲ್ ಕೆಲ್ಲಿ ಅನ್ನುವ ಪ್ರಸಿದ್ಧ ಗಾಯಕನ ಕಛೇರಿಗೆ ಮುಂಚೆ ಈತ ಅದನ್ನು ಹಾಡಿದ. ಮುಗಿದ ಮೇಲೆ ಸಭೆ ಸ್ತಬ್ಧ. ಒಂದು ಚಪ್ಪಾಳೆಯೂ ಇಲ್ಲ. ಜನಕ್ಕೆ ಹಿಡಿಸಲಿಲ್ಲ ಅಂದುಕೊಂಡು ಆರ್ಚಿ ವೇದಿಕೆ ಇಳಿಯಲು ಹೊರಟ. ಆಗ ಒಂದೊಂದಾಗಿ ಶುರುವಾದ ಚಪ್ಪಾಳೆ ಇಡೀ ಸಭಾಂಗಣ ತುಂಬಿತು. ಅವರ ಹಾಡುಗಳನ್ನು ಧ್ವನಿಮುದ್ರಿಸೋಣ ಅಂತ ಪಾಲ್ ಕೆಲ್ಲಿ ಕೇಳಿದಾಗ ಆರ್ಚಿ ಹಿಂಜರಿದನಂತೆ. ಇದು ನಿನ್ನೊಬ್ಬನ ವಿಷಯ ಅಲ್ಲ ಅಂತ ಗದರಿದವಳು ರೂಬಿ. ಹೆಂಡತಿ ಅಂದರೆ ಹೀಗಿರಬೇಕು ನೋಡಿ! 1990ರಲ್ಲಿ ಆ ಹಾಡು ಮುದ್ರಣವಾಗಿ ಬಂತು. ಅದೇ ಸಂಪುಟದಲ್ಲಿ ರೂಬಿ ಬರೆದ ಬೀದಿಯ ಬದುಕಿನ ಹಾಡೂ ಇದೆ. ಮುಂದೆ 2008ರ ಫೆಬ್ರವರಿ 13ರಂದು ಆ ದೇಶದ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಒಂದು ಹಾಡಿನಿಂದಲೇ ಅದೆಲ್ಲ ಆಯಿತು ಅಂದರೆ ಸುಳ್ಳಾಗುತ್ತದೆ. ಎಷ್ಟೋ ಸಾವಿರ ಜನ ತಮ್ಮ ಕಥೆ ಹೇಳಿಕೊಂಡಿದ್ದರು, ಎಷ್ಟೋ ಜನ ಹೋರಾಡಿದ್ದರು. ಆದರೆ ಹೇಳಿಕೊಳ್ಳಲು ನಾಚುತ್ತಿದ್ದವರಿಗೆ ಈ ಹಾಡು ಬಾಯಿ ಕೊಟ್ಟಿತು. ರೂಬಿ 2010ರಲ್ಲಿ, ಆರ್ಚಿ 2022ರಲ್ಲಿ ತೀರಿಕೊಂಡರು. ತಮ್ಮ ಮಕ್ಕಳ ಜೊತೆಗೆ ಬೇರೆ ಮಕ್ಕಳನ್ನೂ ಮನೆಯಲ್ಲಿಟ್ಟು ಸಾಕಿದ್ದರು ಅನ್ನುವುದು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಸಂಗತಿ.

ಅಮೆರಿಕದ ಎಲ್ಲಾ ಫಿಟ್ಜೆರಾಲ್ಡ್ ಹೆಸರನ್ನೂ ಕೆಲವರು ಕೇಳಿರಬಹುದು. 1932ರಲ್ಲಿ ತಾಯಿ ಸತ್ತ ಮೇಲೆ ಕರಿಯ ಮಕ್ಕಳ ಅನಾಥಾಲಯ, ಆಮೇಲೆ ಹುಡುಗಿಯರ ಸುಧಾರಣಾ ಶಾಲೆ, ಹೀಗೆ ಕಳೆದವಳು 1934ರ ನವೆಂಬರಿನಲ್ಲಿ ನ್ಯೂಯಾರ್ಕ್‌ನ ಸ್ಪರ್ಧೆಯೊಂದರಲ್ಲಿ ಹಾಡಿ ಗೆದ್ದಳು. 1938ರಲ್ಲಿ ಅವಳನ್ನು ಮನೆಮಾತು ಮಾಡಿದ ಹಾಡು ಯಾವುದು ಗೊತ್ತೇ? ಮಕ್ಕಳು ಬೀದಿಯಲ್ಲಿ ಆಡುವಾಗ ಹೇಳುವ ಹಳೆಯ ಪದವನ್ನೇ ಎತ್ತಿಕೊಂಡು ತಿದ್ದಿ ಕಟ್ಟಿದ್ದು. ಆ ಸುಧಾರಣಾ ಶಾಲೆಯ ದಿನಗಳ ಬಗ್ಗೆ ಮಾತ್ರ ಆಕೆ ಬಾಯಿ ಬಿಟ್ಟದ್ದು ಇಲ್ಲವೆನ್ನುವಷ್ಟು ಕಡಿಮೆ. ಎಲ್ಲರೂ ಎಲ್ಲವನ್ನೂ ಹೇಳಲೇಬೇಕು ಅಂತ ಒತ್ತಾಯ ಮಾಡಬಾರದು. ಕೆಲವರಿಗೆ ಹಾಡಿದರೆ ಸಾಕು, ಯಾವುದರ ಬಗ್ಗೆ ಅಂತ ಹೇಳಬೇಕಿಲ್ಲ.

ಹಾಡಿಗೆ ಒಪ್ಪಿಸಬಾರದ ವಿಷಯಗಳು

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹಾಡಿನಿಂದ ಎಲ್ಲ ಸರಿಹೋಗುತ್ತೆ ಅಂತ ತಿಳಿಯಬೇಡಿ. ಅಡ್ಡಹೆಸರು, ಮೂದಲಿಕೆ, ಜೊತೆಗೆ ಸೇರಿಸಿಕೊಳ್ಳದಿರುವುದು, ಇಂಥವಕ್ಕೆ ಹಾಡು ಸರಿ. ಹೊಡೆತ, ಬಡಿತ, ಮೈಮುಟ್ಟುವ ಕೆಟ್ಟ ಚಾಳಿ, ಇವು ಗೊತ್ತಾದರೆ ಪದ ಕಟ್ಟಿಸುತ್ತಾ ಕೂರಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ, ಮಗು ಕೂಡ, ಹಗಲು ರಾತ್ರಿ ಫೋನ್ ಮಾಡಬಹುದು, ದುಡ್ಡಿಲ್ಲ. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, "ನಮಗ್ಯಾಕೆ" ಅಂತ ಸುಮ್ಮನಿದ್ದರೆ ಅದೇ ಅಪರಾಧ.

ಬಾಲನ್ಯಾಯ ಕಾಯ್ದೆ ಅಂತ 2015ರಲ್ಲಿ ಬಂದಿದೆ. ಮಂದಿರದಲ್ಲಿ ಮಕ್ಕಳಿಗೆ ಶಿಸ್ತಿನ ಹೆಸರಿನಲ್ಲಿ ಹೊಡೆಯುವುದು ಅದರ ಪ್ರಕಾರ ತಪ್ಪು. 2016ರ ನಿಯಮಗಳಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಪ್ರತಿ ಮಂದಿರದಲ್ಲೂ ಮಕ್ಕಳದೇ ಸಮಿತಿಗಳಿರಬೇಕು, ಆರರಿಂದ ಹತ್ತು, ಹನ್ನೊಂದರಿಂದ ಹದಿನೈದು, ಹದಿನಾರರಿಂದ ಹದಿನೆಂಟು ವಯಸ್ಸಿನವರಿಗೆ ಬೇರೆ ಬೇರೆಯಾಗಿ. ಸಲಹೆಯ ಪೆಟ್ಟಿಗೆಯೂ ಇರಬೇಕು. ಚಿಕ್ಕವರದು ಬೇರೆ ಯಾಕೆ ಅನ್ನುವುದು ಸೋಪಿನ ಹಾಡು ಕೇಳಿದ ಮೇಲೆ ನನಗೆ ಹೊಳೆಯಿತು. ಶಾಲೆಗಳಲ್ಲೂ ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದೆ. "ಹೋಗ್ಲಿ ಬಿಡಿ, ಮಂದಿರದವರು" ಅಂತ ಪಾಠ ಹೇಳುವವರೇ ತರಗತಿಯಲ್ಲಿ ಅಂದರೆ ಅದಕ್ಕೇನನ್ನಬೇಕು, ನೀವೇ ಹೇಳಿ.

ಇನ್ನು ನಮ್ಮ ಸಂಕ್ರಾಂತಿಯ ಫೋಟೋ. ಈ ಮಕ್ಕಳ ಹೆಸರು, ಚಿತ್ರ, ಗುರುತು ಸಿಗುವ ವಿವರ ಯಾವುದನ್ನೂ ಪತ್ರಿಕೆಯಲ್ಲಿ ಹಾಕಬಾರದು ಅಂತ ಅದೇ ಬಾಲನ್ಯಾಯ ಕಾಯ್ದೆ ಹೇಳುತ್ತದಂತೆ. ನನಗೆ ಅದು ತಿಳಿದದ್ದು ಈಗ. ಮೊಬೈಲಿನಲ್ಲಿ ತೆಗೆದು ನಾಲ್ಕು ಗುಂಪುಗಳಿಗೆ ಕಳಿಸಿದ್ದ ಹಳೆಯ ಚಿತ್ರಗಳನ್ನೆಲ್ಲ ಕೂತು ಅಳಿಸಿದೆ. ಕಳಿಸಿದ್ದು ಕಳಿಸಿದ್ದೇ, ಅದೇನು ವಾಪಸ್ಸು ಬರುತ್ತದೆಯೇ? ಈ ಲೇಖನಕ್ಕೂ ಚಿತ್ರ ಕಳಿಸಿಲ್ಲ, ಊರಿನ ಹೆಸರೂ ಬರೆದಿಲ್ಲ, ಕ್ಷಮಿಸಿ.

ಒಬ್ಬರು ದಾನಿಗಳು ಈ ಹಾಡಿನ ಸುದ್ದಿ ಕೇಳಿ, "ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಹಾಡಿಸಿ, ಜನ ಕಣ್ಣೀರು ಹಾಕ್ತಾರೆ" ಅಂದರು. ಟೀಚರಮ್ಮ ಮಕ್ಕಳನ್ನೇ ಕೇಳಿದರು. ಮಕ್ಕಳು ಬೇಡ ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಶಾಲೆಯಲ್ಲಿ ಹಾಡ್ತೀವಿ, ನಮ್ಮ ಕ್ಲಾಸಿನಲ್ಲೇ ಹಾಡ್ತೀವಿ ಅಂದರು. ಮುಖ್ಯೋಪಾಧ್ಯಾಯಿನಿ ಒಪ್ಪಿದ್ದು ದೊಡ್ಡ ಗುಣ.

ಮಕ್ಕಳ ದಿನಾಚರಣೆಯ ದಿನ ಅದಾಯಿತು. ಏನಾಯಿತು ಅಂತ ನನಗೆ ಗೊತ್ತಿರುವುದು ಮಗಳು ಹೇಳಿದಷ್ಟೇ. ಎಲ್ಲರೂ ಮೊದಲು ನಕ್ಕರಂತೆ, ಧಾಟಿ ಗೊತ್ತಿತ್ತಲ್ಲ. ಎರಡನೇ ನುಡಿಗೆ ನಗು ನಿಂತಿತಂತೆ. "ಬ್ಯಾಗಿನ ವಿಷಯ ಬಂದಾಗ ನನ್ನ ನೋಡಿದ್ರಾ ಅಂತ ಅನ್ನಿಸ್ತಮ್ಮ" ಅಂದಳು. ನೋಡಿದರಾ ಅಂದೆ. "ಇಲ್ಲ, ಯಾರನ್ನೂ ನೋಡಲಿಲ್ಲ" ಅಂದಳು. ಅದಾದ ಮೇಲೂ ಒಬ್ಬಿಬ್ಬರು ಹಳೆಯ ಹಾಡು ಬಿಟ್ಟಿಲ್ಲವಂತೆ. ಹಾಗಂತ ಅವಳೇ ಹೇಳಿದಳು.

ಈ ಸಲ ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಲು ಅವಳು ಕೊಟ್ಟ ಪಟ್ಟಿಯಲ್ಲಿ ನಾಲ್ಕು ಹೊಸ ಹೆಸರುಗಳಿದ್ದವು. ಮಂದಿರದ ಮೇಲ್ವಿಚಾರಕಿಯನ್ನು ಕೇಳಿ, ಅವಳೇ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ಹೆಸರು ಬರೆದಳು. ಒಂದು ಹೆಸರಿನ ಕಾಗುಣಿತ ತಪ್ಪಾಗಿತ್ತು. ಪೊಟ್ಟಣ ತೆಗೆದುಕೊಂಡ ಹುಡುಗಿ ಅಲ್ಲೇ ನಿಂತು ಪೆನ್ನು ಕೇಳಿ ತಿದ್ದಿಕೊಂಡಳು.